ಕಣ್ಣಿನಲ್ಲಿ ಕಂಡ ಹೃದಯರೋಗ

ಕಣ್ಣಿಗೂ ಹೃದಯಕ್ಕೂ ನಂಟುಂಟೆಂದು ಕವಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅವರು ಹೇಳುವ ನಂಟಿನ ವಿಚಾರ ಈ ಲೇಖನದ್ದಲ್ಲ. ಇಲ್ಲಿ ಹೇಳಹೊರಟಿರುವುದು ಅಂಗರಚನೆಯ ನಂಟು. ಹೃದಯದಿಂದ ಹೊರಟ ಒಂದು ಸಣ್ಣ ಚೂರು ಎಲ್ಲಿಯೂ ತಡೆಯಿಲ್ಲದೆ ಕೆಲವೇ ಸೆಕೆಂಡುಗಳಲ್ಲಿ ಕಣ್ಣಿನ ಒಳಗೋಡೆಯನ್ನು ತಲುಪಬಲ್ಲ ದಾರಿಯೊಂದು ನಮ್ಮೆಲ್ಲರ ದೇಹದಲ್ಲಿಯೂ ಇದೆ. ಆ ದಾರಿಯಲ್ಲಿ ಬರಬಾರದ ವಸ್ತು ಬಂದು ಸಿಕ್ಕಿಕೊಂಡರೆ, ಸುಮ್ಮನೆ ಕುಳಿತಿದ್ದ ಮನುಷ್ಯನ ಒಂದು ಕಣ್ಣು ದೀಪವಾರಿದಂತೆ ಕತ್ತಲಾಗುತ್ತದೆ. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣು ಮೊದಲು ಹೇಗಿತ್ತೋ ಹಾಗೆಯೇ ಇರುತ್ತದೆ. ಆದರೆ ಅದಕ್ಕೆ ಏನೂ ಕಾಣಿಸುವುದಿಲ್ಲ.

ಹೀಗೆ ಹಠಾತ್ತನೆ ದೃಷ್ಟಿ ಹೋಗುವುದಕ್ಕೆ ಕಾರಣಗಳು ಹಲವು. ವಯಸ್ಸಾದವರಲ್ಲಿ, ಅದರಲ್ಲಿಯೂ ರಕ್ತದ ಒತ್ತಡ, ಸಿಹಿಮೂತ್ರ, ಧೂಮಪಾನ ಇವುಗಳಿಗೆ ಒಳಗಾದವರಲ್ಲಿ, ಕತ್ತಿನ ಧಮನಿಯ ಒಳಗೋಡೆಗೆ ಅಂಟಿಕೊಂಡಿದ್ದ ಕೊಬ್ಬಿನ ಚೂರು ಕಳಚಿ ಕಣ್ಣಿಗೆ ಹೋಗುವುದೇ ಹೆಚ್ಚು. ಹೃದಯದ ಕವಾಟಕ್ಕೆ ತಗಲಿದ ಸೋಂಕು ಈ ಕಾರಣಗಳಲ್ಲಿ ಅಪರೂಪವಾದುದು. ಅಪರೂಪವಾದುದಕ್ಕೆ ಇಷ್ಟು ಪುಟಗಳೇಕೆ ಎಂದು ಓದುಗರು ಕೇಳಬಹುದು. ಉಳಿದ ಕಾರಣಗಳನ್ನು ಗುರುತಿಸುವುದರಲ್ಲಿ ಒಂದು ದಿನ ತಡವಾದರೆ ಕಣ್ಣಿಗೆ ನಷ್ಟ. ಇದನ್ನು ಗುರುತಿಸದೆ ಹೋದರೆ ಜೀವಕ್ಕೇ ನಷ್ಟ. ಅದೂ ಅಲ್ಲದೆ, ಈ ರೋಗಕ್ಕೆ ಇಂದು ಚಿಕಿತ್ಸೆ ಉಂಟು.

ಬರ್ಲಿನ್ನಿನ ಒಬ್ಬ ರೋಗಿ

ಸುಮಾರು ನೂರ ಎಪ್ಪತ್ತು ವರ್ಷಗಳ ಹಿಂದಿನವರೆಗೆ ಜೀವಂತ ಮನುಷ್ಯನ ಕಣ್ಣಿನ ಒಳಭಾಗವನ್ನು ಪರೀಕ್ಷಿಸುವುದು ವೈದ್ಯರಿಗೆ ಸಾಧ್ಯವಿರಲಿಲ್ಲವೆಂದೇ ಹೇಳಬೇಕು. ಹೊರಗೆ ಯಾವ ದೋಷವೂ ಕಾಣದೆ ದೃಷ್ಟಿ ಹೋದ ಕಣ್ಣಿನ ವಿಚಾರವಾಗಿ, ರೋಗಿಗೂ ಏನೂ ಕಾಣದು, ವೈದ್ಯನಿಗೂ ಏನೂ ಕಾಣದು ಎಂದು ಆ ಕಾಲದ ವೈದ್ಯರು ತಮ್ಮನ್ನು ತಾವೇ ಹಾಸ್ಯಮಾಡಿಕೊಳ್ಳುತ್ತಿದ್ದರು. ೧೮೫೧ರಲ್ಲಿ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ತಾನು ರಚಿಸಿದ ನೇತ್ರದರ್ಶಕವನ್ನು ಲೋಕಕ್ಕೆ ತಿಳಿಸಿದನು. ದೀಪದ ಬೆಳಕನ್ನು ಪಾಪೆಯ ಮೂಲಕ ಒಳಗೆ ಹಾಯಿಸಿ, ಹಿಂದಿರುಗಿದ ಬೆಳಕಿನಲ್ಲಿ ಅಕ್ಷಿಪಟಲವನ್ನು ನೋಡುವ ಉಪಾಯ ಅದು. ಅಕ್ಷಿಪಟಲವೆಂದರೆ ಕಣ್ಣಿನ ಹಿಂಗೋಡೆಗೆ ಒಳಗಿನಿಂದ ಹಾಸಿದಂತಿರುವ, ಬೆಳಕನ್ನು ಗ್ರಹಿಸುವ ತೆಳುವಾದ ನರದ ಪೊರೆ.

ಈ ಉಪಕರಣವನ್ನು ಅತ್ಯಂತ ಉತ್ಸಾಹದಿಂದ ಬಳಕೆಗೆ ತಂದವನು ಬರ್ಲಿನ್ನಿನ ಯುವಕ ವೈದ್ಯ ಆಲ್ಬ್ರೆಖ್ಟ್ ಫಾನ್ ಗ್ರೇಫೆ. ೧೮೫೪ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ನೇತ್ರವೈದ್ಯಕ್ಕೇ ಮೀಸಲಾದ ಪತ್ರಿಕೆಯೊಂದನ್ನು ಅವನು ಸ್ಥಾಪಿಸಿದನು. ೧೮೫೯ರಲ್ಲಿ ಅದೇ ಪತ್ರಿಕೆಯಲ್ಲಿ ಅವನು ಬರೆದ ಲೇಖನದ ತಲೆಬರಹದಲ್ಲಿಯೇ ಒಂದು ಹೊಸ ಸಂಗತಿ ಇದ್ದಿತು: ಅಕ್ಷಿಪಟಲದ ಕೇಂದ್ರಧಮನಿಯಲ್ಲಿ ಚೂರು ಸಿಕ್ಕಿಕೊಳ್ಳುವುದು ಹಠಾತ್ ಕುರುಡಿಗೆ ಕಾರಣವೆಂಬುದು. ಅವನು ವರ್ಣಿಸಿದ ರೋಗಿಯ ಒಂದು ಕಣ್ಣು ಇದ್ದಕ್ಕಿದ್ದಂತೆ ಕುರುಡಾಗಿತ್ತು. ನೇತ್ರದರ್ಶಕದಲ್ಲಿ ನೋಡಿದಾಗ ಧಮನಿಗಳು ದಾರದಂತೆ ಬಡವಾಗಿದ್ದುವು. ಇಷ್ಟೇ ಆಗಿದ್ದರೆ ಅದು ಕಣ್ಣಿನ ವಿಚಿತ್ರಗಳಲ್ಲಿ ಒಂದಾಗಿ ಉಳಿಯುತ್ತಿತ್ತು. ಆದರೆ ಆ ರೋಗಿಗೆ ಹೃದಯದ ಒಳಪೊರೆಯ ಉರಿಯೂತವೂ ಇದ್ದಿತು. ದೇಹದ ಬೇರೆ ಕಡೆಗಳಲ್ಲಿಯೂ ಧಮನಿಗಳು ಮುಚ್ಚಿಹೋದ ಗುರುತುಗಳಿದ್ದುವು. ಗ್ರೇಫೆ ಎರಡನ್ನೂ ಕೂಡಿಸಿ ನೋಡಿದನು.

ಹಾಗೆ ಕೂಡಿಸಿ ನೋಡಲು ಅವನಿಗೆ ಒಂದು ಆಧಾರವೂ ಇತ್ತು. ರಕ್ತನಾಳದ ಒಂದು ಕಡೆಯಲ್ಲಿ ಹುಟ್ಟಿದ ಹೆಪ್ಪು ಕಳಚಿಕೊಂಡು ಪ್ರವಾಹದೊಡನೆ ತೇಲಿಹೋಗಿ ಇನ್ನೊಂದು ಕಡೆಯಲ್ಲಿ ನಾಳವನ್ನು ಮುಚ್ಚಬಲ್ಲುದೆಂಬುದನ್ನು ಆ ವೇಳೆಗೆ ರುಡಾಲ್ಫ್ ವಿರ್ಖೊ ತೋರಿಸಿಕೊಟ್ಟಿದ್ದನು. ಹೀಗೆ ತೇಲಿಹೋಗುವ ಚೂರಿಗೆ ಎಂಬೊಲಸ್ ಎಂಬ ಹೆಸರು ಬಂದುದೂ ಅವನಿಂದಲೇ. ಮುಂದೆ ಗ್ರೇಫೆಯ ರೋಗಿ ತೀರಿಕೊಂಡ ಬಳಿಕ ಅವನ ಶಿಷ್ಯ ಶ್ವೈಗರ್ ಆ ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ದೃಷ್ಟಿನರವು ಕಣ್ಣುಗುಡ್ಡೆಯನ್ನು ಹೊಗುವ ಸ್ಥಳದ ಹಿಂಬದಿಯಲ್ಲಿಯೇ ಧಮನಿಯನ್ನು ಮುಚ್ಚಿಕೊಂಡಿದ್ದ ಚೂರನ್ನು ಕಂಡು, ೧೮೬೪ರಲ್ಲಿ ಪ್ರಕಟಿಸಿದನು. ಗುರುವಿನ ಊಹೆ ನಿಜವಾಯಿತು. ಹೀಗೆ ಹಠಾತ್ ಕುರುಡಿನ ಈ ಬಗೆಯನ್ನು ವೈದ್ಯಶಾಸ್ತ್ರ ಮೊಟ್ಟಮೊದಲು ಅರಿತದ್ದೇ ಹೃದಯದ ಒಳಪೊರೆಯ ರೋಗಿಯೊಬ್ಬನಿಂದ ಎಂಬುದು ಗಮನಿಸತಕ್ಕ ವಿಷಯ.

ಒಂದನ್ನು ಮಾತ್ರ ಗ್ರೇಫೆ ಅರಿತಿರಲಿಲ್ಲ. ಆ ಉರಿಯೂತಕ್ಕೆ ಜೀವಾಣುಗಳು ಕಾರಣವಾಗಬಹುದೆಂದು ಆಗ ಯಾರೂ ಹೇಳಿರಲಿಲ್ಲ. ನಾರ್ವೆಯ ವಿಂಗೆ ಎಂಬ ವೈದ್ಯನು ಸತ್ತ ರೋಗಿಯೊಬ್ಬನ ಹೃದಯದ ಕವಾಟದ ಮೇಲೆ ಸೂಕ್ಷ್ಮಜೀವಿಗಳ ಸರಗಳನ್ನು ಕಂಡುದು ಇನ್ನೂ ಹತ್ತು ವರ್ಷಗಳ ಮೇಲೆ, ೧೮೬೯-೭೦ರ ಸುಮಾರಿಗೆ.

ಕವಾಟದ ಮೇಲಣ ಬೆಳೆ

ಹೃದಯವು ದಿನಕ್ಕೆ ಸುಮಾರು ಒಂದು ಲಕ್ಷ ಸಾರಿ ಮಿಡಿಯುತ್ತದೆ; ನಿಮಿಷಕ್ಕೆ ಸುಮಾರು ಐದು ಲೀಟರು ರಕ್ತವನ್ನು ಹೊರಕ್ಕೆ ನೂಕುತ್ತದೆ. ಈ ಪ್ರವಾಹ ಮುಂದಕ್ಕಲ್ಲದೆ ಹಿಂದಕ್ಕೆ ಹೋಗದಂತೆ ನೋಡಿಕೊಳ್ಳಲು ನಾಲ್ಕು ಕವಾಟಗಳಿವೆ. ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವೆ ಇರುವುದು ಮೈಟ್ರಲ್ ಕವಾಟ. ಹೃತ್ಕುಕ್ಷಿಯಿಂದ ಮಹಾಧಮನಿಗೆ ಹೋಗುವ ಬಾಗಿಲಲ್ಲಿರುವುದು ಮಹಾಧಮನಿ ಕವಾಟ. ಬಲಭಾಗದಲ್ಲಿಯೂ ಇಂಥವೇ ಎರಡಿವೆ. ಕವಾಟದ ದಳಗಳು ಬಹು ತೆಳುವಾದುವು. ಆರೋಗ್ಯವಾಗಿರುವ ದಳದ ಮೇಲ್ಮೈ ಎಷ್ಟು ನುಣುಪೆಂದರೆ, ರಕ್ತದಲ್ಲಿ ಅಲ್ಲೊಂದು ಇಲ್ಲೊಂದು ಜೀವಾಣು ಬಂದರೂ ಅಲ್ಲಿ ನೆಲೆಯೂರಲು ಸಾಮಾನ್ಯವಾಗಿ ಆಗುವುದಿಲ್ಲ.

ರಕ್ತದಲ್ಲಿ ಜೀವಾಣುಗಳು ಬರುವುದೇನೂ ವಿಶೇಷವಲ್ಲ. ೧೯೩೫ರಲ್ಲಿ ಇಂಗ್ಲೆಂಡಿನ ಓಕೆಲ್ ಮತ್ತು ಎಲಿಯಟ್ ಎಂಬಿಬ್ಬರು ಹಲ್ಲು ಕೀಳಿಸಿಕೊಂಡವರ ರಕ್ತವನ್ನು ಕೂಡಲೇ ಪರೀಕ್ಷಿಸಿ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಬಾಯಿಯ ಸ್ಟ್ರೆಪ್ಟೊಕಾಕಸ್ ಜೀವಾಣುಗಳನ್ನು ಕಂಡರು. ಹಲ್ಲು ಕೀಳಿಸುವುದೇ ಬೇಡ. ವಸಡು ಕೆಟ್ಟಿರುವವನು ಹಲ್ಲುಜ್ಜಿದರೂ, ಗಟ್ಟಿಯಾದುದನ್ನು ಅಗಿದರೂ ಕೆಲವು ಜೀವಾಣುಗಳು ರಕ್ತಕ್ಕೆ ಇಳಿಯುತ್ತವೆ. ಕೆಲವೇ ನಿಮಿಷಗಳಲ್ಲಿ ದೇಹವು ಅವುಗಳನ್ನು ತೊಡೆದುಹಾಕುತ್ತದೆ. ಚರ್ಮದ ಹುಣ್ಣು, ಬಹುಕಾಲ ರಕ್ತನಾಳದಲ್ಲಿ ಉಳಿದ ಕೊಳವೆ, ಶುದ್ಧವಲ್ಲದ ಸೂಜಿ ಇವುಗಳ ಮೂಲಕ ಬರುವ ಸ್ಟ್ಯಾಫಿಲೊಕಾಕಸ್ ಮಾತ್ರ ಬಹು ಕ್ರೂರವಾದುದು. ಅದು ಮೊದಲು ಸರಿಯಾಗಿಯೇ ಇದ್ದ ಕವಾಟವನ್ನು ಕೂಡ ಹಿಡಿಯಬಲ್ಲುದು.

ಕವಾಟವು ಮೊದಲೇ ಕೆಟ್ಟಿದ್ದರೆ ಸಂಗತಿ ಬೇರೆಯಾಗುತ್ತದೆ. ನಮ್ಮ ದೇಶದಲ್ಲಿ ಬಾಲ್ಯದಲ್ಲಿ ಬಂದ ಕೀಲುವಾತಜ್ವರವು ಕವಾಟವನ್ನು ಗಡುಸುಮಾಡಿ, ಅಂಚುಗಳನ್ನು ಅಂಟಿಸಿ, ಅದು ಸರಿಯಾಗಿ ಮುಚ್ಚಿಕೊಳ್ಳದಂತೆ ಮಾಡಿರುವುದು ಇಂದಿಗೂ ಅನೇಕರಲ್ಲಿ ಕಂಡುಬರುತ್ತದೆ. ಹುಟ್ಟಿನಿಂದ ಬಂದ ದೋಷಗಳೂ, ಮುಪ್ಪಿನಲ್ಲಿ ಸುಣ್ಣಗಟ್ಟಿದ ಕವಾಟಗಳೂ, ಶಸ್ತ್ರಚಿಕಿತ್ಸೆಯಿಂದ ಕೂಡಿಸಿದ ಕೃತಕ ಕವಾಟಗಳೂ ಇದೇ ಗುಂಪಿಗೆ ಸೇರಿದುವು. ಇಂಥ ಕವಾಟದ ಸಂದಿಯಿಂದ ರಕ್ತವು ಚಿಲುಮೆಯಂತೆ ಹಿಂದಕ್ಕೆ ಚಿಮ್ಮುತ್ತದೆ. ಆ ಚಿಲುಮೆಗೂ ಸೋಂಕಿಗೂ ಇರುವ ಸಂಬಂಧವನ್ನು ೧೯೬೩ರಲ್ಲಿ ಅಮೆರಿಕದ ಸೈಮನ್ ರಾಡ್ಬರ್ಡ್ ಒಂದು ಸುಂದರವಾದ ಪ್ರಯೋಗದಿಂದ ತೋರಿಸಿದನು. ಜೀವಾಣುಗಳಿಗೆ ಆಹಾರವಾಗುವ ಅಗಾರಿನಿಂದ ಒಂದು ಕೊಳವೆಯನ್ನು ಮಾಡಿ, ಅದನ್ನು ನಡುವೆ ಕಿರಿದುಗೊಳಿಸಿ, ಜೀವಾಣುಗಳು ತುಂಬಿದ ಗಾಳಿಯನ್ನು ಅದರೊಳಗೆ ಊದಿಸಿದನು. ಜೀವಾಣುಗಳು ಬೆಳೆದದ್ದು ಗಾಳಿ ನೇರವಾಗಿ ಬಡಿಯುವ ಕಡೆಯಲ್ಲಲ್ಲ. ಇಕ್ಕಟ್ಟನ್ನು ದಾಟಿದೊಡನೆ ಒತ್ತಡ ತಗ್ಗುವ ಜಾಗದಲ್ಲಿ. ಕವಾಟದಲ್ಲಿಯೂ ಹಾಗೆಯೇ: ರಕ್ತ ಸೋರುವ ಮೈಟ್ರಲ್ ಕವಾಟದ ಹೃತ್ಕರ್ಣದ ಕಡೆಯ ಮುಖದಲ್ಲಿಯೇ ಸೋಂಕು ಬೇರೂರುವುದು. ಹೊಳೆಯ ಹರಿವಿನಲ್ಲಿ ಬಂಡೆಯ ಮರೆಗೆ ಕಸ ಸೇರುವುದನ್ನು ನೋಡಿದವರಿಗೆ ಇದು ಆಶ್ಚರ್ಯವೆನಿಸಲಾರದು.

ಚಿಲುಮೆಯ ಬಡಿತದಿಂದ ತರಚಿದ ಒಳಪೊರೆಯ ಮೇಲೆ ಮೊದಲು ರಕ್ತದ ಕಿರುತಟ್ಟೆಗಳೂ ಫೈಬ್ರಿನ್ನಿನ ಎಳೆಗಳೂ ಕೂಡಿ ಸಣ್ಣದೊಂದು ಹೆಪ್ಪುಗಟ್ಟುತ್ತದೆ. ಅದಕ್ಕೆ ಜೀವಾಣುಗಳು ಬಂದು ಅಂಟಿಕೊಳ್ಳುತ್ತವೆ. ಅವುಗಳ ಮೇಲೆ ಮತ್ತೊಂದು ಪದರ ಹೆಪ್ಪು, ಮತ್ತೆ ಜೀವಾಣುಗಳು, ಮತ್ತೆ ಹೆಪ್ಪು. ಹೀಗೆ ಬೆಳೆದ ಗಂಟನ್ನು ವೈದ್ಯರು ವೆಜಿಟೇಷನ್, ಅಂದರೆ ಸಸ್ಯದಂಥ ಬೆಳೆ, ಎಂದು ಕರೆಯುತ್ತಾರೆ. ಹೆಸರು ಚೆನ್ನಾಗಿಯೇ ಇದೆ. ಹೂಕೋಸಿನ ತುಣುಕೊಂದು ಕವಾಟದ ಅಂಚಿನಲ್ಲಿ ಜೋತಾಡಿದಂತೆ ಅದು ಕಾಣುತ್ತದೆ. ಇದರೊಳಗಿನ ಜೀವಾಣುಗಳನ್ನು ಬಿಳಿಯ ರಕ್ತಕಣಗಳು ತಲುಪಲಾರವು. ಒಂದು ಗ್ರಾಂ ಬೆಳೆಯಲ್ಲಿ ನೂರು ಕೋಟಿಗೂ ಮಿಕ್ಕಿದ ಜೀವಾಣುಗಳಿರಬಹುದು.

ಈ ರೋಗವನ್ನು ಇಂದು ಸೋಂಕಿನ ಎಂಡೊಕಾರ್ಡೈಟಿಸ್ ಎಂದು ಕರೆಯುತ್ತಾರೆ. ಲಕ್ಷ ಜನರಲ್ಲಿ ವರ್ಷಕ್ಕೆ ಮೂವರಿಂದ ಹತ್ತು ಮಂದಿಗೆ ಇದು ಬರುತ್ತದೆಂದು ಲೆಕ್ಕ.

ಚೂರು ಹೋಗುವ ದಾರಿ

ನಿಮಿಷಕ್ಕೆ ಎಪ್ಪತ್ತೆಂಬತ್ತು ಸಾರಿ ಬೀಸುವ ದಳದ ತುದಿಯಲ್ಲಿ ಪುಡಿಪುಡಿಯಾದ ಗಂಟೊಂದು ಜೋತಾಡುತ್ತಿದ್ದರೆ ಅದರ ಚೂರುಗಳು ಕಳಚಿ ಬೀಳುವುದು ಸಹಜ. ಈ ರೋಗಿಗಳಲ್ಲಿ ನೂರಕ್ಕೆ ೨೦ ರಿಂದ ೫೦ ಮಂದಿಯಲ್ಲಿ ಹೀಗೆ ಎಲ್ಲಿಯಾದರೂ ಧಮನಿ ಮುಚ್ಚಿದ ಗುರುತು ಸಿಕ್ಕುತ್ತದೆ. ಬಲಭಾಗದ ಕವಾಟದಿಂದ ಕಳಚಿದುದು ಶ್ವಾಸಕೋಶಕ್ಕೆ ಹೋಗುತ್ತದೆ. ಎಡಭಾಗದಿಂದ ಕಳಚಿದುದಕ್ಕೆ ಇಡೀ ದೇಹವೇ ತೆರೆದಿದೆ: ಮೆದುಳು, ಗುಲ್ಮ, ಮೂತ್ರಪಿಂಡ, ಕರುಳು, ಕಾಲು. ಹೆಚ್ಚು ರಕ್ತವನ್ನು ಪಡೆಯುವ ಅಂಗಕ್ಕೆ ಹೆಚ್ಚು ಚೂರುಗಳು. ಆದಕಾರಣ ಕಣ್ಣಿಗೆ ಹೋಗುವುದು ವಿರಳ.

ಮಹಾಧಮನಿಯಿಂದ ಕತ್ತಿನ ಧಮನಿ. ಅಲ್ಲಿಂದ ತಲೆಬುರುಡೆಯ ಒಳಗೆ. ಅಲ್ಲಿ ಕವಲೊಡೆಯುವ ನೇತ್ರಧಮನಿ. ಅದರಿಂದ ಹೊರಟು, ಕಣ್ಣುಗುಡ್ಡೆಗೆ ಸುಮಾರು ಒಂದು ಸೆಂಟಿಮೀಟರು ಹಿಂದೆ ದೃಷ್ಟಿನರವನ್ನು ಹೊಕ್ಕು, ನರದ ನಡುವಿನಲ್ಲಿಯೇ ಸಾಗಿ ಕಣ್ಣಿನೊಳಗೆ ತೆರೆದುಕೊಳ್ಳುವ ಕೇಂದ್ರಧಮನಿ. ಇದರ ಅಡ್ಡಳತೆ ಮಿಲಿಮೀಟರಿನ ಆರನೆಯ ಒಂದು ಭಾಗದಷ್ಟು. ಅಕ್ಷಿಪಟಲದ ಒಳಪದರಗಳಿಗೆಲ್ಲ ರಕ್ತವನ್ನು ತರುವುದು ಇದೊಂದೇ ನಾಳ. ಇದಕ್ಕೆ ಬದಲಿ ದಾರಿಯಿಲ್ಲ. ಕೆಲವರಲ್ಲಿ ಮಾತ್ರ ಹಿಂದಿನ ಪೊರೆಯಿಂದ ಬಂದ ಸಣ್ಣ ಧಮನಿಯೊಂದು ಅಕ್ಷಿಪಟಲದ ನಡುಭಾಗಕ್ಕೆ ರಕ್ತವನ್ನು ಕೊಡುತ್ತಿರುತ್ತದೆ. ಆ ಅದೃಷ್ಟಶಾಲಿಗಳಿಗೆ ಕೇಂದ್ರಧಮನಿ ಮುಚ್ಚಿದರೂ ನಟ್ಟನಡುವಿನ ದೃಷ್ಟಿ ಉಳಿಯಬಹುದು.

ಧಮನಿ ಮುಚ್ಚಿದ ಕೆಲವು ಗಂಟೆಗಳಲ್ಲಿ ನೇತ್ರದರ್ಶಕದಲ್ಲಿ ಕಾಣುವ ಚಿತ್ರವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಪಾರದರ್ಶಕವಾಗಿದ್ದ ಅಕ್ಷಿಪಟಲ ಊದಿಕೊಂಡು ಹಾಲಿನಂತೆ ಬಿಳುಪಾಗುತ್ತದೆ. ಅದರ ನಡುವೆ ಒಂದು ಕೆಂಪು ಚುಕ್ಕೆ, ಚೆರಿ ಹಣ್ಣಿನಷ್ಟು ಕೆಂಪು. ಆ ಚುಕ್ಕೆ ರಕ್ತಸ್ರಾವವೆಂದು ಭ್ರಮಿಸಬಾರದು. ನಾವು ಅಕ್ಷರಗಳನ್ನು ಓದುವ, ಮುಖಗಳನ್ನು ಗುರುತಿಸುವ ಆ ನಡುಕುಳಿಯಲ್ಲಿ ಅಕ್ಷಿಪಟಲ ಬಹು ತೆಳುವಾಗಿದೆ. ಊದಿಕೊಳ್ಳಲು ಅಲ್ಲಿ ಒಳಪದರಗಳೇ ಇಲ್ಲ. ಅದರ ಹಿಂದಿರುವ, ರಕ್ತನಾಳಗಳಿಂದ ತುಂಬಿದ ಪೊರೆಯ ಸಹಜವಾದ ಕೆಂಪು ಅಲ್ಲಿ ಮಾತ್ರ ತೋರುತ್ತದೆ. ಕೆಂಪಾಗಿರುವುದು ಕೆಡದೆ ಉಳಿದ ಬಣ್ಣ. ಕೆಟ್ಟುದು ಸುತ್ತಲಿನ ಬಿಳುಪು.

ಎಷ್ಟು ಹೊತ್ತಿನೊಳಗೆ ರಕ್ತ ಮತ್ತೆ ಹರಿದರೆ ಕಣ್ಣು ಉಳಿದೀತು? ಪಂಜಾಬಿನಲ್ಲಿ ಹುಟ್ಟಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕೆಲಸಮಾಡಿದ ಸೋಹನ್ ಸಿಂಗ್ ಹೈರೆ ಅವರು ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ೯೭ ನಿಮಿಷಗಳವರೆಗೆ ಹಾನಿ ಕಾಣಲಿಲ್ಲ. ನಾಲ್ಕು ಗಂಟೆಗಳಾದರೆ ಅಕ್ಷಿಪಟಲ ಬಹುಮಟ್ಟಿಗೆ ಸತ್ತುಹೋಯಿತು. ಧಮನಿ ಪೂರ್ಣವಾಗಿ ಮುಚ್ಚಿದರೆ ಮನುಷ್ಯನಲ್ಲಿ ಈ ಅವಧಿ ಇನ್ನೂ ಬಹಳ ಕಡಮೆಯೆಂದು, ಕಾಲು ಗಂಟೆಯಷ್ಟೇ ಇರಬಹುದೆಂದು, ಇತ್ತೀಚೆಗೆ ಕೆಲವರು ವಾದಿಸಿದ್ದಾರೆ. ಯಾವ ಎಣಿಕೆಯನ್ನು ಹಿಡಿದರೂ, ಬೆಳಗಾಗಲಿ ನೋಡೋಣ ಎನ್ನುವವನ ಕಣ್ಣು ಹಿಂದಿರುಗುವುದು ದುರ್ಲಭ. ಕೆಲವು ವೇಳೆ ಚೂರು ತಾನಾಗಿಯೇ ಜಾರಿಹೋಗಿ ಐದು ಹತ್ತು ನಿಮಿಷಗಳಲ್ಲಿ ದೃಷ್ಟಿ ಮರಳುವುದುಂಟು. ಮರಳಿತೆಂದು ಸುಮ್ಮನಾಗುವುದು ದೊಡ್ಡ ತಪ್ಪು. ಒಂದು ಚೂರು ಕಳಚಿದ ಜಾಗದಿಂದ ಇನ್ನೊಂದು ಕಳಚಬಹುದು, ಮತ್ತು ಎರಡನೆಯದು ಮೆದುಳಿಗೆ ಹೋಗಬಹುದು.

ಕವಾಟದ ಸೋಂಕು ದೃಷ್ಟಿಯನ್ನು ಕೆಡಿಸಲು ಬೇರೆ ದಾರಿಗಳೂ ಇವೆ. ಚೂರು ಮೆದುಳಿನ ಹಿಂಭಾಗದ ಧಮನಿಯಲ್ಲಿ ಸಿಕ್ಕಿಕೊಂಡರೆ ಎರಡು ಕಣ್ಣುಗಳಲ್ಲಿಯೂ ಒಂದೇ ಮಗ್ಗುಲಿನ ಅರ್ಧ ನೋಟ ಮಾಯವಾಗುತ್ತದೆ. ರೋಗಿ ಒಂದು ಕಣ್ಣು ಕೆಟ್ಟಿತೆಂದೇ ಹೇಳುತ್ತಾನೆ. ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದರೆ ನಿಜ ತಿಳಿಯುತ್ತದೆ. ಇನ್ನೊಂದು ಬಗೆಯಲ್ಲಿ ಜೀವಾಣುಗಳೇ ರಕ್ತದ ಮೂಲಕ ಕಣ್ಣುಗುಡ್ಡೆಯನ್ನು ಹೊಕ್ಕು ಒಳಗೆ ಕೀವುಗಟ್ಟಿಸುತ್ತವೆ. ಆಗ ಸಾಮಾನ್ಯವಾಗಿ ನೋವು, ಕೆಂಪು, ಮಬ್ಬು ಎಲ್ಲವೂ ಉಂಟು. ದೃಷ್ಟಿ ಒಂದು ಕ್ಷಣದಲ್ಲಲ್ಲದೆ ಗಂಟೆಗಳಲ್ಲಿ, ದಿನಗಳಲ್ಲಿ ಹೋಗುತ್ತದೆ.

ರಾತ್ ಚುಕ್ಕೆಗಳು ಎಂಬ ಹೆಸರನ್ನು ಇಲ್ಲಿಯೇ ಹೇಳಿಬಿಡಬೇಕು. ಅಕ್ಷಿಪಟಲದ ಮೇಲೆ ಬಿಳಿಯ ನಡುವುಳ್ಳ ಸಣ್ಣ ರಕ್ತಸ್ರಾವಗಳು ಇವು. ಈ ರೋಗದ ಪ್ರಸಿದ್ಧ ಗುರುತುಗಳಲ್ಲಿ ಒಂದು. ಸ್ವಿಟ್ಸರ್ಲೆಂಡಿನ ಮೋರಿಟ್ಸ್ ರಾತ್ ೧೮೭೨ರಲ್ಲಿ ಕೆಂಪು ಚುಕ್ಕೆಗಳನ್ನೂ ಬಿಳಿ ಚುಕ್ಕೆಗಳನ್ನೂ ಬೇರೆಬೇರೆಯಾಗಿ ವರ್ಣಿಸಿದ್ದನು. ಬಿಳಿನಡುವಿನ ಚುಕ್ಕೆಗಳನ್ನು ಹೃದಯದ ಈ ರೋಗದಲ್ಲಿ ಕಂಡು, ೧೮೭೮ರಲ್ಲಿ ಅವಕ್ಕೆ ರಾತನ ಹೆಸರಿಟ್ಟವನು ಲಿಟೆನ್. ಕಂಡವನೊಬ್ಬ, ಹೆಸರು ಮತ್ತೊಬ್ಬನದು. ವೈದ್ಯಶಾಸ್ತ್ರದಲ್ಲಿ ಇಂಥವು ಕಡಮೆಯಿಲ್ಲ. ಆ ಬಿಳುಪು ಜೀವಾಣುಗಳ ಗುಂಪೆಂದು ಬಹುಕಾಲ ನಂಬಿದ್ದರು. ಒಡೆದ ಕಿರುನಾಳದ ಬಾಯಿಯನ್ನು ಮುಚ್ಚಿದ ಫೈಬ್ರಿನ್ನಿನ ಬಿರಡೆಯೆಂಬುದು ಈಗಿನ ಅಭಿಪ್ರಾಯ. ಕಡು ರಕ್ತಹೀನತೆಯಲ್ಲಿಯೂ ಲುಕೀಮಿಯಾದಲ್ಲಿಯೂ ಇವು ಕಾಣುವುದರಿಂದ, ಇವನ್ನು ಕಂಡ ಮಾತ್ರಕ್ಕೆ ಹೃದಯರೋಗವೆಂದು ತೀರ್ಮಾನಿಸಲಾಗದು, ವಿಚಾರಿಸಬೇಕಾಗುತ್ತದೆ.

ಜ್ವರದ ಕಥೆ

ದೃಷ್ಟಿ ಹೋದ ರೋಗಿಯನ್ನು ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಒಂದು ಕಣ್ಣಿಗೆ ಸಂಬಂಧಿಸಿದುದೇ ಅಲ್ಲ: ಈಚಿನ ವಾರಗಳಲ್ಲಿ ಜ್ವರ ಬರುತ್ತಿತ್ತೆ? ಬಾಯಿಯ ಸ್ಟ್ರೆಪ್ಟೊಕಾಕಸ್ಸಿನಿಂದಾಗುವ ಬಗೆಯಲ್ಲಿ ರೋಗ ಬಹು ಮೆಲ್ಲನೆ ಬರುತ್ತದೆ. ಸಂಜೆಯ ಹೊತ್ತಿಗೆ ಸಣ್ಣ ಜ್ವರ, ರಾತ್ರಿ ಬೆವರು, ಊಟ ಸೇರದಿರುವುದು, ಮೈ ಇಳಿಯುವುದು, ಬೆನ್ನು ಕೀಲುಗಳಲ್ಲಿ ನೋವು. ಟೈಫಾಯಿಡ್ ಎನ್ನಿಸಬಹುದು, ಕ್ಷಯವೆನ್ನಿಸಬಹುದು, ಏನೂ ಇಲ್ಲ ಆಯಾಸ ಎನ್ನಿಸಬಹುದು. ೧೮೮೫ರಲ್ಲಿ ಲಂಡನ್ನಿನ ವೈದ್ಯರ ಮುಂದೆ ಈ ರೋಗವನ್ನು ಕುರಿತು ಪ್ರಸಿದ್ಧ ಉಪನ್ಯಾಸಗಳನ್ನು ಕೊಟ್ಟ ವಿಲಿಯಂ ಆಸ್ಲರ್ ಕೂಡ, ಇದು ಬೇರೆ ಜ್ವರಗಳ ವೇಷದಲ್ಲಿ ಬಂದು ವೈದ್ಯನನ್ನು ದಾರಿತಪ್ಪಿಸುವುದನ್ನು ಒತ್ತಿ ಹೇಳಿದ್ದನು. ಬೆರಳ ತುದಿಗಳಲ್ಲಿ ನೋಯುವ ಸಣ್ಣ ಗಂಟುಗಳಿಗೆ ಇಂದಿಗೂ ಅವನ ಹೆಸರಿದೆ. ಉಗುರಿನ ಅಡಿಯಲ್ಲಿ ಸಿಬಿರು ಚುಚ್ಚಿದಂತೆ ಕಾಣುವ ಕಪ್ಪುಗೆಂಪು ಗೆರೆಗಳು, ಎದೆಗೆ ಸ್ಟೆತೊಸ್ಕೋಪು ಇಟ್ಟಾಗ ಕೇಳಿಬರುವ ಹೊಸ ಮರ್ಮರ, ಇವೂ ಗುರುತುಗಳೇ. ಆದರೆ ಎಲ್ಲವೂ ಒಬ್ಬ ರೋಗಿಯಲ್ಲಿ ಕೂಡಿ ಬರುವುದು ಪುಸ್ತಕದಲ್ಲಿ ಮಾತ್ರ.

ರೋಗವನ್ನು ಖಚಿತಪಡಿಸುವ ಮುಖ್ಯ ಪರೀಕ್ಷೆ ರಕ್ತದ ಕೃಷಿ. ರಕ್ತವನ್ನು ಪೋಷಕದ್ರವದಲ್ಲಿ ಬೆರಸಿಟ್ಟು ಜೀವಾಣು ಬೆಳೆಯುವುದೇ ಎಂದು ನೋಡುವುದು. ಅದರ ಚರಿತ್ರೆಯಲ್ಲಿ ಕರುಣಾಜನಕವಾದ ಪ್ರಸಂಗವೊಂದಿದೆ. ಆಸ್ಟ್ರಿಯದ ಪ್ರಖ್ಯಾತ ಸಂಗೀತಕಾರ ಗುಸ್ತಾವ್ ಮಾಲರನ ಹೃದಯದ ಕವಾಟದಲ್ಲಿ ದೋಷವಿರುವುದು ೧೯೦೭ರಲ್ಲಿ ತಿಳಿದುಬಂದಿತ್ತು. ೧೯೧೧ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿದ್ದಾಗ ಅವನಿಗೆ ಜ್ವರ ಹತ್ತಿತು. ಈ ರೋಗದಲ್ಲಿ ಆಗಿನ ಪರಮ ಪರಿಣತನಾಗಿದ್ದ ಇಮ್ಯಾನ್ಯುಯಲ್ ಲಿಬ್‌ಮನ್ನನ ಸಹಾಯಕ ಜಾರ್ಜ್ ಬೇರ್ ಅವನ ರಕ್ತವನ್ನು ತೆಗೆದು ಕೃಷಿಗಿಟ್ಟನು. ಸ್ಟ್ರೆಪ್ಟೊಕಾಕಸ್ ಬೆಳೆಯಿತು. ರೋಗ ಯಾವುದೆಂದು ನಿಸ್ಸಂದೇಹವಾಗಿ ತಿಳಿಯಿತು; ಮಾಡಲು ಮಾತ್ರ ಏನೂ ಇರಲಿಲ್ಲ. ಮೇ ೧೮ರಂದು ವಿಯೆನ್ನಾದಲ್ಲಿ ಮಾಲರ್ ತೀರಿಕೊಂಡನು. ಅವನಿಗೆ ಆಗ ಐವತ್ತು ವರ್ಷ.

ಆ ಕಾಲದಲ್ಲಿ ಈ ರೋಗ ಹಿಡಿದವರು ಬದುಕುವುದು ಇಲ್ಲವೆಂದೇ ಹೇಳಬಹುದಾಗಿತ್ತು. ಜೀವಾಣುಗಳ ಬೆಳವಣಿಗೆಯನ್ನು ತಡೆಯುವಷ್ಟೇ ಶಕ್ತಿಯಿದ್ದ ಸಲ್ಫಾ ಔಷಧಗಳಿಂದಲೂ ಹೆಚ್ಚೇನೂ ಆಗಲಿಲ್ಲ. ಹೆಪ್ಪಿನೊಳಗೆ ಅಡಗಿರುವ ಜೀವಾಣುವನ್ನು ತಡೆದರೆ ಸಾಲದು, ಕೊಲ್ಲಬೇಕು. ಬಿಳಿಯ ಕಣಗಳ ನೆರವು ಅಲ್ಲಿಗೆ ಒದಗುವುದಿಲ್ಲ. ೧೯೪೪ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಲಿಯೊ ಲೋವೆ ಮತ್ತು ಸಂಗಡಿಗರು ಪೆನಿಸಿಲಿನ್ನನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ಏಳು ಮಂದಿ ರೋಗಿಗಳಲ್ಲಿ ಗುಣ ಕಂಡ ಸುದ್ದಿಯನ್ನು ಪ್ರಕಟಿಸಿದಾಗ ಒಂದು ಯುಗವೇ ಮುಗಿಯಿತು. ಇಂದು ಔಷಧಗಳ ಆಯ್ಕೆ ವಿಸ್ತಾರವಾಗಿದೆ. ಆದರೂ ಚಿಕಿತ್ಸೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕವೇ ನಡೆಯಬೇಕು. ಆಸ್ಪತ್ರೆ ಸೇರಿದವರಲ್ಲಿ ಐವರಲ್ಲಿ ಒಬ್ಬರಂತೆ ಈಗಲೂ ಸಾಯುತ್ತಾರೆ.

ಇಲ್ಲಿ ನಮ್ಮ ಊರುಗಳ ಒಂದು ಅಭ್ಯಾಸವನ್ನು ಕುರಿತು ಹೇಳದೆ ಇರಲಾಗದು. ಜ್ವರವೆಂದೊಡನೆ ಔಷಧದ ಅಂಗಡಿಯಿಂದ ಮೂರು ದಿನಗಳಿಗೆ ಆಂಟಿಬಯಾಟಿಕ್ ಗುಳಿಗೆಗಳನ್ನು ತಂದು ನುಂಗುವುದು, ಜ್ವರ ಇಳಿದೊಡನೆ ನಿಲ್ಲಿಸುವುದು, ಮತ್ತೆ ಏರಿದರೆ ಬೇರೆ ಗುಳಿಗೆ ತರುವುದು. ಕವಾಟದ ಸೋಂಕಿನಲ್ಲಿ ಈ ಗುಳಿಗೆಗಳಿಂದ ರಕ್ತದಲ್ಲಿರುವ ಜೀವಾಣುಗಳು ಅಳಿಯುತ್ತವೆ. ಬೆಳೆಯ ಒಳಗಿರುವುವು ಅಳಿಯುವುದಿಲ್ಲ. ರೋಗ ಹಾಗೆಯೇ ಉಳಿಯುತ್ತದೆ. ರೋಗದ ಗುರುತು ಅಳಿಸಿಹೋಗುತ್ತದೆ. ಆಮೇಲೆ ಒಂದು ದಿನ ಕಣ್ಣು ಕತ್ತಲಾಗಿ ಆಸ್ಪತ್ರೆಗೆ ಬಂದಾಗ ರಕ್ತದ ಕೃಷಿಯಲ್ಲಿ ಏನೂ ಬೆಳೆಯುವುದಿಲ್ಲ. ಯಾವ ಜೀವಾಣು ಎಂದು ತಿಳಿಯದೆ ಯಾವ ಔಷಧವನ್ನು ಆರು ವಾರ ಕೊಡಬೇಕು? ಈ ರೋಗದಲ್ಲಿ ಕೃಷಿ ಬರಿದಾಗುವುದಕ್ಕೆ ಅತಿ ಸಾಮಾನ್ಯವಾದ ಕಾರಣ ಮೊದಲೇ ನುಂಗಿದ ಗುಳಿಗೆಗಳೇ. ಆದ್ದರಿಂದ ಕವಾಟದ ದೋಷವುಳ್ಳವರಿಗೆ, ಕೃತಕ ಕವಾಟವುಳ್ಳವರಿಗೆ, ಕಾರಣ ತಿಳಿಯದ ಜ್ವರ ಒಂದು ವಾರ ಕಳೆದರೂ ಬಿಡದಿದ್ದರೆ, ಗುಳಿಗೆಗಿಂತ ಮೊದಲು ರಕ್ತವನ್ನು ತೆಗೆಸಿಕೊಳ್ಳುವುದೇ ಸರಿಯಾದ ಕ್ರಮ. ಬೇರೆಬೇರೆ ಕಡೆಗಳಿಂದ, ಸ್ವಲ್ಪ ಹೊತ್ತಿನ ಅಂತರದಲ್ಲಿ, ಮೂರು ಸಾರಿ ರಕ್ತ ತೆಗೆಯುತ್ತಾರೆ. ಇಷ್ಟೊಂದು ರಕ್ತವೇಕೆಂದು ಮನೆಯವರು ತಕರಾರು ಮಾಡುವುದುಂಟು; ಮಾಡಬೇಕಾಗಿಲ್ಲ.

ಕಣ್ಣಿನ ವೈದ್ಯನ ಸಂದಿಗ್ಧ

ಹಠಾತ್ತನೆ ಒಂದು ಕಣ್ಣಿನ ದೃಷ್ಟಿ ಹೋದುದನ್ನು ಇಂದು ಪಾರ್ಶ್ವವಾಯುವಿನ ಒಡಹುಟ್ಟೆಂದು ತಿಳಿದು, ಗಂಟೆಗಳೊಳಗೆ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಪಾರ್ಶ್ವವಾಯುವಿನಲ್ಲಿ ಹೆಪ್ಪನ್ನು ಕರಗಿಸುವ ಔಷಧ ಹಲವರಿಗೆ ವರವಾಗಿದೆ. ಕಣ್ಣಿನ ಧಮನಿಯಲ್ಲಿಯೂ ಅದನ್ನು ಪ್ರಯೋಗಿಸಿ ನೋಡುತ್ತಿದ್ದಾರೆ. ಆದರೆ ಚೂರು ಸೋಂಕಿನ ಕವಾಟದಿಂದ ಬಂದುದಾಗಿದ್ದರೆ ಅದೇ ಔಷಧ ವಿಷವಾಗಬಹುದು. ಜೀವಾಣುಗಳಿಂದ ತುಂಬಿದ ಚೂರು ಸಿಕ್ಕಿಕೊಂಡ ಕಡೆಯಲ್ಲಿ ಧಮನಿಯ ಗೋಡೆಯನ್ನೂ ತಿಂದು ಸಡಿಲಗೊಳಿಸುತ್ತದೆ. ಅಲ್ಲಿ ಗೋಡೆ ಬಲೂನಿನಂತೆ ಉಬ್ಬುವುದೂ ಉಂಟು. ಆಸ್ಲರ್ ೧೮೮೫ರ ಉಪನ್ಯಾಸಗಳಲ್ಲಿಯೇ ಈ ಉಬ್ಬಿಗೆ ಹೆಸರಿಟ್ಟಿದ್ದನು. ಇಂಥ ನಾಳವಿರುವ ಮೆದುಳಿನಲ್ಲಿ ಹೆಪ್ಪುಗರಗಿಸುವ ಔಷಧದಿಂದ ರಕ್ತಸ್ರಾವವಾಗುವ ಭಯ ಬಹಳ. ಆದಕಾರಣ ಈ ರೋಗದ ಶಂಕೆಯಿದ್ದರೆ ಆ ಔಷಧವನ್ನು ಕೊಡಲಾಗದು. ಗಡಿಯಾರದ ಮುಳ್ಳು ಓಡುತ್ತಿರುವಾಗ ಇಂಥ ತೀರ್ಮಾನಕ್ಕೆ ಆಧಾರವಾಗುವುದು ಎಷ್ಟೋ ವೇಳೆ ರೋಗಿಯ ಬಾಯಿಂದ ಬಂದ ಒಂದು ಮಾತು: ಚಿಕ್ಕಂದಿನಲ್ಲಿ ಕೀಲುಗಳು ಊದಿ ಜ್ವರ ಬಂದಿತ್ತು, ಮೂರು ವಾರದಿಂದ ಸಂಜೆ ಮೈ ಬಿಸಿಯಾಗುತ್ತಿತ್ತು.

ಆ ಮಾತು ಸಿಕ್ಕಿದ ಮೇಲೆ ಕೆಲಸ ವೇಗವಾಗಿ ಸಾಗುತ್ತದೆ. ರಕ್ತವನ್ನು ಕೃಷಿಗೆ ಕಳುಹಿಸಿ ಔಷಧವನ್ನು ಆರಂಭಿಸುತ್ತಾರೆ. ಶಬ್ದಾತೀತ ಅಲೆಗಳಿಂದ ಹೃದಯದ ಚಿತ್ರವನ್ನು ತೆಗೆಯುತ್ತಾರೆ. ಎದೆಯ ಮೇಲಿನಿಂದ ಸ್ಪಷ್ಟವಾಗದಿದ್ದರೆ, ಸಣ್ಣ ಸಾಧನವೊಂದನ್ನು ಅನ್ನನಾಳಕ್ಕೆ ಇಳಿಸಿ, ಹೃದಯದ ಬೆನ್ನಿಗೇ ಅದನ್ನು ತಂದು ನೋಡುತ್ತಾರೆ. ಮಿಲಿಮೀಟರುಗಳಷ್ಟು ಸಣ್ಣ ಬೆಳೆಯೂ ಆಗ ಕಾಣುತ್ತದೆ. ಬೆಳೆ ಹತ್ತು ಮಿಲಿಮೀಟರಿಗಿಂತ ಉದ್ದವಾಗಿದ್ದು, ಒಂದು ಚೂರು ಈಗಾಗಲೇ ಕಳಚಿದ್ದರೆ, ಶಸ್ತ್ರವೈದ್ಯನನ್ನು ಕರೆಯುತ್ತಾರೆ. ದಕ್ಷಿಣ ಕೊರಿಯದಲ್ಲಿ ಕಾಂಗ್ ಮತ್ತು ಸಂಗಡಿಗರು ೨೦೧೨ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದೊಡ್ಡ ಬೆಳೆಯಿದ್ದ ೭೬ ರೋಗಿಗಳನ್ನು ಎರಡು ಗುಂಪುಗಳಾಗಿ ಮಾಡಿದರು. ೪೮ ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಗೆಂದು ಆರಿಸಿದ ೩೭ ಮಂದಿಯಲ್ಲಿ ಮುಂದಿನ ಆರು ವಾರಗಳಲ್ಲಿ ಯಾರಿಗೂ ಚೂರು ಕಳಚಲಿಲ್ಲ. ರೂಢಿಯ ಚಿಕಿತ್ಸೆಯ ೩೯ ಮಂದಿಯಲ್ಲಿ ಎಂಟು ಮಂದಿಗೆ ಕಳಚಿತು. ಚಿಕ್ಕ ಪ್ರಯೋಗವಾದರೂ ಅದರ ನಂತರ ವೈದ್ಯರು ಕಾಯುವುದು ಕಡಮೆಯಾಗಿದೆ. ಔಷಧವೊಂದರಿಂದಲೇ ಕೂಡ ಅಪಾಯ ಬೇಗ ತಗ್ಗುತ್ತದೆ. ಮೊದಲ ಎರಡು ವಾರಗಳು ದಾಟಿದರೆ ಚೂರು ಕಳಚುವುದು ಬಹಳ ವಿರಳ.

ಕೆಟ್ಟ ಕಣ್ಣಿನ ವಿಚಾರದಲ್ಲಿ ಮಾತ್ರ ಹೆಚ್ಚು ಆಶೆ ಕೊಡಲಾಗದು. ಕೇಂದ್ರಧಮನಿ ಪೂರ್ಣವಾಗಿ ಮುಚ್ಚಿದವರಲ್ಲಿ ಬಹುಮಂದಿಗೆ ಕೈಬೆರಳುಗಳನ್ನು ಎಣಿಸುವಷ್ಟು ನೋಟವೂ ಕಷ್ಟವಾಗಿ ಉಳಿಯುತ್ತದೆ. ಧಮನಿಯ ಕವಲೊಂದು ಮಾತ್ರ ಮುಚ್ಚಿದವರು ಇವರಿಗಿಂತ ಪುಣ್ಯವಂತರು.

ತಡೆಗಟ್ಟುವ ವಿಚಾರದಲ್ಲಿ ಜನರಲ್ಲಿ ಒಂದು ಗೊಂದಲವಿದೆ. ಕೀಲುವಾತಜ್ವರ ಬಂದವರಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದು ಆ ಜ್ವರ ಮರುಕಳಿಸದಂತೆ ಕಾಯುತ್ತದೆ. ಕವಾಟದ ಸೋಂಕನ್ನು ತಡೆಯುವುದು ಅದರ ಉದ್ದೇಶವಲ್ಲ. ಹಲ್ಲಿನ ಚಿಕಿತ್ಸೆಗೆ ಮುಂಚೆ ಕವಾಟದ ರಕ್ಷಣೆಗೆ ಆಂಟಿಬಯಾಟಿಕ್ ಕೊಡುವುದು ಬೇರೊಂದು ಏರ್ಪಾಡು. ಅಮೆರಿಕದ ಹೃದಯ ಸಂಘವು ೧೯೫೫ರಲ್ಲಿ ಅದನ್ನು ಮೊದಲು ಶಿಫಾರಸು ಮಾಡಿತು. ೨೦೦೭ರಲ್ಲಿ ಅದನ್ನು ಕೃತಕ ಕವಾಟವುಳ್ಳವರು, ಒಮ್ಮೆ ಈ ಸೋಂಕು ಬಂದವರು, ಹುಟ್ಟಿನಿಂದ ಕೆಲವು ಬಗೆಯ ಹೃದಯದೋಷವುಳ್ಳವರು ಮೊದಲಾದ ಅತ್ಯಂತ ಅಪಾಯದ ಗುಂಪುಗಳಿಗೆ ಮಾತ್ರ ಸೀಮಿತಗೊಳಿಸಿತು. ವರ್ಷಕ್ಕೊಮ್ಮೆ ಹಲ್ಲು ಕೀಳಿಸುವುದರಿಂದ ರಕ್ತಕ್ಕೆ ಇಳಿಯುವ ಜೀವಾಣುಗಳಿಗಿಂತ, ಕೆಟ್ಟ ವಸಡಿನಿಂದ ದಿನವೂ ಇಳಿಯುವುವೇ ಬಹಳ ಹೆಚ್ಚೆಂಬುದು ಅದಕ್ಕೆ ಕಾರಣ. ಹಾಗಾಗಿ ಕವಾಟದ ದೋಷವುಳ್ಳವರು ದಂತವೈದ್ಯನ ಬಳಿಗೆ ಹಲ್ಲು ನೋಯುವ ಮೊದಲೇ ಹೋಗಬೇಕು.

ಒಮ್ಮೆ ಗುಣವಾದವರಿಗೆ ಈ ರೋಗ ಮತ್ತೆ ಬರುವ ಸಂಭವ ಇತರರಿಗಿಂತ ಬಹಳ ಹೆಚ್ಚು. ಆದ್ದರಿಂದ ಕೆಲವು ಆಸ್ಪತ್ರೆಗಳಲ್ಲಿ ಇಂಥವರಿಗೆ ಮನೆಗೆ ಹೋಗುವಾಗ ಜೇಬಿನಲ್ಲಿಟ್ಟುಕೊಳ್ಳಲು ಒಂದು ಚೀಟಿಯನ್ನು ಕೊಡುತ್ತಾರೆ. ಯಾವ ಕವಾಟ ಕೆಟ್ಟಿದೆ, ಯಾವ ಜೀವಾಣು ಸಿಕ್ಕಿತ್ತು, ಜ್ವರ ಬಂದರೆ ರಕ್ತದ ಕೃಷಿಗೆ ಮುಂಚೆ ಆಂಟಿಬಯಾಟಿಕ್ ಕೊಡಬಾರದು, ಎಂದು ಅದರಲ್ಲಿ ಬರೆದಿರುತ್ತದೆ.